ದಾನ ಕೊಡುವ ಮೊದಲು ಬಾಕಿ ತೀರಬೇಕಲ್ಲವೇ?

ಪ್ರಶ್ನೆ: ನಾನು ಕಥೋಲಿಕ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ವಯಸ್ಸು 38. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸುವುದಿಲ್ಲ, ಧರ್ಮಕೇಂದ್ರದ ಸೇವಾ ಗುಂಪಿನಲ್ಲಿಯೂ ಇದ್ದೇನೆ. ಕ್ರಿಸ್ಮಸ್‌ಗೆ ಮತ್ತು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಬಡ ಕುಟುಂಬಗಳಿಗೆ ದಿನಸಿ, ಬಟ್ಟೆ ಹಂಚುತ್ತೇವೆ. ಪ್ರತಿ ವರ್ಷ ಸಾಲಿನಲ್ಲಿ ಅದೇ ಮುಖಗಳು. ಇವರ ಸ್ಥಿತಿ ಯಾಕೆ ಬದಲಾಗುತ್ತಿಲ್ಲ, ಇವರ ಸಾಲ, ಕೂಲಿಯ ವಿಷಯ ನಾವು ಕೇಳಬೇಡವೇ ಎಂದು ಸಭೆಯಲ್ಲಿ ಎತ್ತಿದೆ. ‘ಅದೆಲ್ಲ ರಾಜಕೀಯ, ನಮ್ಮದು ಪ್ರಾರ್ಥನೆ ಮತ್ತು ದಾನ’ ಎಂದು ಹಿರಿಯರೊಬ್ಬರು ಮಾತು ಮುಗಿಸಿಬಿಟ್ಟರು. ಅದೇ ವಾರ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಸಂಬಳ ಹೆಚ್ಚಿಸಿ ಎಂದು ಕೇಳಿದಳು, ನಾನು ‘ನೋಡೋಣ’ ಎಂದು ಮುಂದೂಡಿದೆ. ಕೆಲಸ ಬಿಟ್ಟು ಪೂರ್ತಿಯಾಗಿ ಸೇವೆಗೆ ಇಳಿಯಬೇಕು ಅನ್ನಿಸುತ್ತಿದೆ. ಗಂಡ ‘ಮೊದಲು ಮನೆ ನೋಡು’ ಅನ್ನುತ್ತಾರೆ. ಬೇರೆ ಧರ್ಮದ ಗೆಳತಿಯೊಬ್ಬಳು ‘ನಿಮ್ಮ ಸೇವೆಯೆಲ್ಲ ಮತಾಂತರಕ್ಕೇ ಅಲ್ವಾ?’ ಎಂದು ನೇರವಾಗಿ ಕೇಳಿದಳು. ಇದರ ನಡುವೆ ನನ್ನ ವಿಶ್ವಾಸವೇ ಬರೀ ಸಮಾಜಸೇವೆಯಾಗಿ ತೆಳುವಾಗುತ್ತಿದೆಯೇನೋ ಎಂಬ ಭಯ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಧರ್ಮಕೇಂದ್ರಗಳ ಸೇವಾ ಗುಂಪುಗಳಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಬೇರೆ ಬೇರೆಯವರ ಬಾಯಲ್ಲಿ ನನ್ನ ಕಿವಿಗೆ ಬಿದ್ದಿವೆ. ಆದರೆ ಮನೆಗೆಲಸದವಳ ವಿಷಯವನ್ನು ಇಷ್ಟು ಪ್ರಾಮಾಣಿಕವಾಗಿ ಬರೆದವರು ಕಡಿಮೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದಿರಿ. ಅಲ್ಲಿಂದಲೇ, ಅವಳ ಸಂಬಳದಿಂದಲೇ ಶುರು ಮಾಡಿ. ಗುಂಪು, ರಾಜಕೀಯ, ಕೆಲಸ ಬಿಡುವ ವಿಚಾರ ಎಲ್ಲ ಆಮೇಲಿನದು.

ಯಾಕೆ ಹೀಗೆ ಹೇಳುತ್ತೇನೆಂದರೆ, ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್‌ನಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ, ಅಂದರೆ ಗುರುಗಳೂ ಸನ್ಯಾಸಿಗಳೂ ಅಲ್ಲದ ನಿಮ್ಮಂಥವರ, ಕಾರ್ಯವನ್ನು ಕುರಿತು ಒಂದು ಆದೇಶ ಹೊರಡಿಸಿತು. ಅದರ 8ನೆಯ ಪರಿಚ್ಛೇದದಲ್ಲಿ ಸೇವೆ ಹೇಗಿರಬೇಕು ಎಂಬುದಕ್ಕೆ ಕೆಲವು ಷರತ್ತುಗಳಿವೆ. ನ್ಯಾಯವಾಗಿ ಸಲ್ಲಬೇಕಾದದ್ದು ಮೊದಲು ಸಲ್ಲಬೇಕು, ಅದನ್ನೇ ದಾನವೆಂಬ ಹೆಸರಿನಲ್ಲಿ ಕೊಡಬಾರದು. ಕಷ್ಟದ ಪರಿಣಾಮವನ್ನು ಮಾತ್ರವಲ್ಲ, ಕಾರಣವನ್ನೂ ತೆಗೆಯಬೇಕು. ನೆರವು ಪಡೆದವರು ಕ್ರಮೇಣ ಇನ್ನೊಬ್ಬರ ಹಂಗಿಲ್ಲದೆ ನಿಲ್ಲುವಂತಾಗಬೇಕು. ಸಭೆಯಲ್ಲಿ ನೀವು ಎತ್ತಿದ ಪ್ರಶ್ನೆಯ ತಿರುಳು ಇದೇ. ಹಾಗಾಗಿ ನೀವು ಹೊಸದೇನನ್ನೋ ಹೊರಗಿನಿಂದ ತಂದು ಹಾಕಿಲ್ಲ.

ಇದು ಮಹಾಸಭೆಯ ಆವಿಷ್ಕಾರವೂ ಅಲ್ಲ. ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಜಕ್ಕಾಯ ಯೇಸುಸ್ವಾಮಿಯ ಮುಂದೆ ಎದ್ದು ನಿಂತು ಎರಡು ಮಾತು ಕೊಡುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ಅವರಿಗೇ ವಾಪಸ್ಸು. ಅವನು ಸುಂಕ ವಸೂಲಿಯವನು, ಲೆಕ್ಕ ಬಲ್ಲವನು. ಕೊಡುಗೆಯನ್ನು ಒಂದು ಖಾತೆಯಲ್ಲಿ, ಬಾಕಿಯನ್ನು ಇನ್ನೊಂದು ಖಾತೆಯಲ್ಲಿ ಬರೆದ. ನಮ್ಮ ಗುಂಪುಗಳಲ್ಲಿ ಈ ಎರಡು ಖಾತೆಗಳು ಕಲಸಿಹೋಗಿರುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ಆಳಿಗೆ ಕಡಿಮೆ ಸಂಬಳ ಕೊಟ್ಟು ಹಬ್ಬಕ್ಕೆ ಹೊಸ ಬಟ್ಟೆ ಕೊಡುವವರು ಕೆಟ್ಟವರೇನಲ್ಲ. ಅವರಿಗೆ ನಿಜವಾಗಿಯೂ ಪ್ರೀತಿಯಿರುತ್ತದೆ. ಆದರೆ ಬಟ್ಟೆ ಪಡೆದವಳು ಕೃತಜ್ಞಳಾಗಿರಬೇಕಾಗುತ್ತದೆ, ಸಂಬಳ ಪಡೆದವಳು ತಲೆಯೆತ್ತಿ ನಡೆಯಬಹುದು. ಯಾಕೋಬನ ಪತ್ರ 5:4ರಲ್ಲಿ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದಿದೆ. ಲೇವಿಯರ ಪುಸ್ತಕದ 19ನೇ ಅಧ್ಯಾಯ ಕೂಲಿಯಾಳಿನ ಕೂಲಿಯನ್ನು ಬೆಳಗಿನವರೆಗೂ ಇಟ್ಟುಕೊಳ್ಳಬೇಡ ಅನ್ನುತ್ತದೆ. ನೀವಂದ ‘ನೋಡೋಣ’ ನೇರವಾಗಿ ಇಂಥ ಅಪರಾಧವಲ್ಲ, ಆದರೆ ಅದು ವಾರ, ತಿಂಗಳುಗಟ್ಟಲೆ ಎಳೆದರೆ ಆಗುವುದು ಇದೇ.

‘ಅವಳೇ ಒಪ್ಪಿಕೊಂಡು ಬಂದ ಸಂಬಳ ತಾನೆ’ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದೀತು. ಹದಿಮೂರನೆಯ ಲಿಯೋ ಪೋಪರು 1891ರ ಮೇ 15ರಂದು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪರು ಬರೆಯುವ ಬೋಧನಾ ಪತ್ರ) ಹೊರಡಿಸಿದಾಗ ಇದೇ ವಾದಕ್ಕೆ ಉತ್ತರ ಕೊಟ್ಟರು. ಬೇರೆ ದಾರಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ಒಬ್ಬ ಕೆಲಸಗಾರ ಕಡಿಮೆ ಕೂಲಿಗೆ ಒಪ್ಪಿದರೆ, ಅವನು ಬಲವಂತಕ್ಕೂ ಅನ್ಯಾಯಕ್ಕೂ ಗುರಿಯಾದವನೇ. ಒಪ್ಪಂದ ಆಗಿದೆ ಎಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂದು ಇಂದಿನ ಧರ್ಮೋಪದೇಶ ಗ್ರಂಥದ 2434ನೇ ಪರಿಚ್ಛೇದವೂ ಹೇಳುತ್ತದೆ.

ಹಾಗಾದರೆ ಎಷ್ಟು ಕೊಡಬೇಕು? ನಿಮ್ಮಲ್ಲಿ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನವಿದ್ದರೆ ಅದು ತಳಪಾಯ, ಅದಕ್ಕಿಂತ ಕೆಳಗೆ ಮಾತೇ ಇಲ್ಲ. ಅದರ ಮೇಲೆ ಅವಳ ಮನೆಬಾಡಿಗೆ, ಮಕ್ಕಳ ಓದು, ಔಷಧ ಇವುಗಳನ್ನು ಅವಳ ಜೊತೆಯೇ ಕುಳಿತು ಕೇಳಿ ನೋಡಿ. ನೀವು ಕೊಡಬಹುದಾದ ಮೊತ್ತವನ್ನು, ಯಾವಾಗಿನಿಂದ ಎಂಬುದನ್ನು ದಿನಾಂಕ ಸಮೇತ ಹೇಳಿ. ಮನೆಗೆಲಸದವರನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೆಯ ಒಡಂಬಡಿಕೆ 2011ರಲ್ಲಿ ಅಂಗೀಕಾರವಾಯಿತು. ಅದರ ಪ್ರಕಾರ ವಾರಕ್ಕೊಮ್ಮೆ ಕನಿಷ್ಠ 24 ಗಂಟೆಗಳ ಅಖಂಡ ವಿಶ್ರಾಂತಿ ಸಿಗಬೇಕು. ಎಲ್ಲ ದೇಶಗಳೂ ಅದನ್ನು ಒಪ್ಪಿ ಸಹಿ ಹಾಕಿಲ್ಲ ನಿಜ. ಆದರೂ ಭಾನುವಾರ ದೇವರ ದಿನವೆಂದು ಪಾಲಿಸುವ ಮನೆಯಲ್ಲಿ ಕೆಲಸದವಳಿಗೆ ಒಂದು ರಜಾ ದಿನ ಕೊಡಲು ಸರ್ಕಾರದ ಸಹಿಗೆ ಕಾಯುವ ಅಗತ್ಯವಿಲ್ಲ. ಇದರಲ್ಲಿ ತೊಂದರೆಯೇ ಇಲ್ಲ ಎಂದು ನಾನು ಹೇಳಲಾರೆ. ನಿಮ್ಮ ತಿಂಗಳ ಖರ್ಚು ಏರುತ್ತದೆ, ಅಕ್ಕಪಕ್ಕದವರು ‘ನೀವು ರೇಟು ಕೆಡಿಸಿದಿರಿ’ ಎಂದು ಮುನಿಸಿಕೊಳ್ಳಬಹುದು. ಬಟ್ಟೆಬರೆಯ ದಾನಕ್ಕೆ ಇಟ್ಟ ಹಣವನ್ನೇ ಸಂಬಳಕ್ಕೆ ತಿರುಗಿಸಬೇಕಾಗಿ ಬಂದರೆ ಸಂಕೋಚ ಬೇಡ.

ಈಗ ಸಾಲಿನಲ್ಲಿ ನಿಲ್ಲುವ ಅದೇ ಮುಖಗಳ ವಿಷಯ. ‘ಕೊಟ್ಟಷ್ಟೂ ಸೋಮಾರಿಗಳಾಗುತ್ತಾರೆ’ ಎಂಬ ವಿವರಣೆ ಗುಂಪುಗಳಲ್ಲಿ ಬಹಳ ಸಲೀಸಾಗಿ ಹೊರಡುತ್ತದೆ. ನಾನು ಮನೆಗಳಿಗೆ ಹೋಗಿ ಕಂಡಿರುವುದು ಬೇರೆ. ಬಹಳ ಕುಟುಂಬಗಳಲ್ಲಿ ಹಿಂದೆ ಒಂದು ಕಾಯಿಲೆಯೋ ಅಪಘಾತವೋ ಆಗಿರುತ್ತದೆ. ಅದಕ್ಕೆ ಕೈಸಾಲ, ಕೈಸಾಲಕ್ಕೆ ಬಡ್ಡಿ, ಬಡ್ಡಿ ಕಟ್ಟಲು ಇನ್ನೊಂದು ಸಾಲ. ದುಡಿಯುವ ಕೈಗಳಿವೆ, ದುಡಿಮೆಯೂ ಇದೆ, ಆದರೆ ಕೂಲಿ ಮನೆ ಸೇರುವ ಮುಂಚೆಯೇ ಬಡ್ಡಿಗೆ ಹೋಗಿರುತ್ತದೆ. ಇಲ್ಲಿ ಒಂದು ಕಹಿ ಸಂಗತಿ ಇದೆ, ಗಮನಿಸಿ. ನೀವು ಕೊಟ್ಟ ದಿನಸಿಯಿಂದ ಆ ತಿಂಗಳು ಉಳಿದ ಹಣ ನೇರವಾಗಿ ಸಾಲ ಕೊಟ್ಟವನ ಕೈಗೆ ಹೋಗುತ್ತದೆ. ನಿಮ್ಮ ದಾನ ಹಸಿವನ್ನು ತಣಿಸುವುದು ನಿಜ, ಆದರೆ ಬಡ್ಡಿಯ ವ್ಯವಹಾರ ನಿಲ್ಲದೆ ನಡೆಯಲೂ ಅದೇ ನೆರವಾಗುತ್ತದೆ. ಕಾರಣ ಕೇಳದೆ ಹಂಚಿದರೆ ಮುಂದಿನ ವರ್ಷವೂ ಅದೇ ಸಾಲು ನಿಲ್ಲುವುದು ಇದಕ್ಕೇ.

ಇಲ್ಲಿ ನಿಮ್ಮ ವೃತ್ತಿಗೆ ಬರುತ್ತೇನೆ. ಕೆಲಸ ಬಿಡಬೇಕೆಂದು ಬರೆದಿದ್ದೀರಿ. ಆದರೆ ಆ ಮನೆಗಳಿಗೆ ತುರ್ತಾಗಿ ಬೇಕಾಗಿರುವುದು ಸಾಲದ ಕಾಗದ ಓದಬಲ್ಲ ಒಬ್ಬ ವ್ಯಕ್ತಿ. ‘ವರ್ಷಕ್ಕೆ 12ರ ಬಡ್ಡಿ’ ಎಂದು ಹೇಳಿ, ಹನ್ನೆರಡು ಸಮ ಕಂತುಗಳಲ್ಲಿ ಅಸಲು ತೀರುತ್ತಾ ಬಂದರೂ ಮೊದಲ ದಿನದ ಪೂರ್ತಿ ಅಸಲಿನ ಮೇಲೇ ಬಡ್ಡಿ ಹಾಕಿದರೆ, ನಿಜವಾದ ದರ ಶೇಕಡಾ 21 ದಾಟುತ್ತದೆ. ಇದು ನಿಮಗೆ ಐದು ನಿಮಿಷದ ಲೆಕ್ಕ. ಸಾಲ ತೆಗೆದವಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಯಾವ ಸಾಲವನ್ನು ಮೊದಲು ತೀರಿಸಬೇಕು, ಯಾವುದನ್ನು ಕಡಿಮೆ ಬಡ್ಡಿಯ ಕಡೆಗೆ ವರ್ಗಾಯಿಸಬಹುದು, ಸಂಬಳದ ಚೀಟಿಯಲ್ಲಿ ಯಾವ ಕಡಿತ ಸರಿಯಿಲ್ಲ ಎಂದು ನೀವು ಹೇಳಬಲ್ಲಿರಿ. ನನ್ನ ಅನುಭವದಲ್ಲಿ ದಿನಸಿ ಹಂಚಲು ಜನ ಸಿಗುತ್ತಾರೆ, ಈ ಕೆಲಸಕ್ಕೆ ಸಿಗುವುದಿಲ್ಲ.

ಧರ್ಮಸಭೆಯ ಚರಿತ್ರೆಯಲ್ಲಿ ಇಂಥ ಲೆಕ್ಕದ ಕೆಲಸಕ್ಕೆ ಗೌರವದ ಸ್ಥಾನವಿದೆ. ಬಡ್ಡಿಕೋರರ ಕೈಗೆ ಸಿಕ್ಕವರಿಗಾಗಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ ಇಟಲಿಯ ಪೆರೂಜಾದಲ್ಲಿ 1462ರಲ್ಲೇ ಅಡವಿನ ಮೇಲೆ ಅಲ್ಪ ದರದ ಸಾಲ ಕೊಡುವ ನಿಧಿ ತೆರೆಯಿತು. ಕೆನಡಾದ ನೋವಾ ಸ್ಕೋಷಿಯಾದಲ್ಲಿ 1928ರಿಂದ ಮೋಸೆಸ್ ಕೋಡಿ ಎಂಬ ಧರ್ಮಗುರು ಮೀನುಗಾರರನ್ನೂ ರೈತರನ್ನೂ ಸಣ್ಣ ಅಧ್ಯಯನ ಕೂಟಗಳಲ್ಲಿ ಕೂರಿಸಿ, ನಾವು ಹಿಡಿದ ಮೀನಿನ ಬೆಲೆಯಲ್ಲಿ ನಮ್ಮ ಪಾಲೆಷ್ಟು ಎಂಬಂಥ ಪ್ರಶ್ನೆಗಳನ್ನು ಅವರೇ ಕೇಳಿಕೊಳ್ಳುವಂತೆ ಮಾಡಿದರು. ಆ ಕೂಟಗಳಿಂದ ಸಾಲ ಸಹಕಾರ ಸಂಘಗಳೂ ಮಾರಾಟದ ಸಹಕಾರಿಗಳೂ ಎದ್ದವು. ಮಧ್ಯಪ್ರದೇಶದಲ್ಲಿ ಧರ್ಮಭಗಿನಿ ರಾಣಿ ಮರಿಯಾ ಹಳ್ಳಿಗರನ್ನು ಸಾಲದ ಹಿಡಿತದಿಂದ ಬಿಡಿಸಲು ಸ್ವಸಹಾಯ ಗುಂಪುಗಳನ್ನು ಕಟ್ಟಿದರು. 1995ರ ಫೆಬ್ರವರಿ 25ರಂದು ಅವರ ಕೊಲೆಯಾಯಿತು. 2017ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಿತು. ಆಕೆಯ ಹೆಸರನ್ನು ನಿಮ್ಮನ್ನು ಹೆದರಿಸಲು ಎತ್ತಲಿಲ್ಲ. ಸಾಲದ ಲೆಕ್ಕ ಕೇಳುವುದನ್ನು ಭಕ್ತಿಯ ಹೊರಗಿನ ಕೆಲಸವೆಂದು ಧರ್ಮಸಭೆ ಎಣಿಸಿಲ್ಲ ಎಂದು ನಿಮಗೆ ಗೊತ್ತಿರಬೇಕು.

‘ಅದು ರಾಜಕೀಯ’ ಎಂದ ಹಿರಿಯರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಧರ್ಮಸಭೆ ಪಕ್ಷವಲ್ಲ, ಬಲಿಪೀಠ ಪ್ರಚಾರದ ವೇದಿಕೆಯಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ ಧರ್ಮಗುರುಗಳು ಸರ್ಕಾರಿ ಅಧಿಕಾರದ ಹುದ್ದೆ ಹಿಡಿಯುವುದನ್ನು ನಿಷೇಧಿಸುತ್ತದೆ, ಪಕ್ಷಗಳಲ್ಲಿ ಅವರು ಸಕ್ರಿಯರಾಗುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಈ ಬೇಲಿ ಗುರುಗಳ ಸುತ್ತ ಇರುವುದು. ಶ್ರೀಸಾಮಾನ್ಯರ ವಿಷಯದಲ್ಲಿ ಮಹಾಸಭೆ ಹೇಳಿದ್ದು ಉಲ್ಟಾ: ಲೋಕದ ವ್ಯವಹಾರಗಳನ್ನು ದೇವರ ಚಿತ್ತಕ್ಕೆ ಅನುಗುಣವಾಗಿ ನಡೆಸುವುದೇ ನಿಮ್ಮ ಕರೆ. ನಿಮ್ಮ ಕಚೇರಿಯಲ್ಲಿ ಗುತ್ತಿಗೆ ನೌಕರರ ಸಂಬಳ ತಡವಾದರೆ ಅದನ್ನು ಎತ್ತಿ ಹೇಳಬೇಕಾದವರು ನೀವು. 1971ರಲ್ಲಿ ರೋಮ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೋಡ್ (ಸಮಾಲೋಚನಾ ಸಭೆ), ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವುದರ ಅವಿಭಾಜ್ಯ ಅಂಗ ಎಂದಿತು. ಅಷ್ಟಕ್ಕೇ ನಿಲ್ಲದೆ, ನ್ಯಾಯದ ಬಗ್ಗೆ ಮಾತಾಡುವವರು ಮೊದಲು ಜನರ ಕಣ್ಣಲ್ಲಿ ನ್ಯಾಯವಂತರಾಗಿರಬೇಕು, ಧರ್ಮಸಭೆಯ ಸಂಸ್ಥೆಗಳಲ್ಲಿ ದುಡಿಯುವವರಿಗೂ ಸಾಕಷ್ಟು ಸಂಬಳ ಸಿಗಬೇಕು ಎಂದೂ ಹೇಳಿತು. ನಿಮ್ಮ ಧರ್ಮಕೇಂದ್ರದಲ್ಲಿ ಕಸ ಗುಡಿಸುವವರಿಗೆ, ಕಾವಲಿನವರಿಗೆ ಎಷ್ಟು ಕೊಡುತ್ತಾರೆ ಎಂದು ನೀವು ವಿನಯದಿಂದ ಕೇಳಬಹುದು. ಅಂಥ ಪ್ರಶ್ನೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ.

ಗೆಳತಿಯ ಪ್ರಶ್ನೆಗೆ ಮುನಿಸು ಬೇಡ. ಧರ್ಮಸಭೆಯ ನಿಲುವು ಸ್ಪಷ್ಟವಿದೆ. ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಎಳೆಯಬಾರದೆಂದು ಮಹಾಸಭೆ ಕಟ್ಟುನಿಟ್ಟಾಗಿ ನಿಷೇಧಿಸಿದೆ. 2005ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರು ತಮ್ಮ ಮೊದಲ ವಿಶ್ವಪತ್ರದಲ್ಲಿ, ಪ್ರೀತಿಗೆ ಪ್ರತಿಫಲದ ಲೆಕ್ಕವಿಲ್ಲ, ಬೇರೆ ಉದ್ದೇಶ ಸಾಧಿಸುವ ಉಪಾಯವಾಗಿ ಸೇವೆ ಮಾಡಬಾರದು ಎಂದು ಬರೆದರು. ಆದರೆ ದಾಖಲೆ ತೋರಿಸಿದರೆ ಗೆಳತಿಗೆ ನಂಬಿಕೆ ಬರುವುದಿಲ್ಲ. ನಿಮ್ಮ ಗುಂಪಿನ ನಡತೆಯಲ್ಲಿ ಅದು ಕಾಣಬೇಕು. ನೆರವಿಗೆ ಮುಂಚೆ ಪ್ರಾರ್ಥನೆಗೆ ಬರಬೇಕೆಂಬ ಷರತ್ತು ಇಲ್ಲ, ಧರ್ಮ ಕೇಳಿ ಪಟ್ಟಿ ಮಾಡುವುದಿಲ್ಲ, ಲೆಕ್ಕಪುಸ್ತಕ ಯಾರು ಕೇಳಿದರೂ ತೋರಿಸುತ್ತೇವೆ ಎಂದು ಹೇಳಲು ಸಾಧ್ಯವಾದರೆ ಆಕೆಗೆ ಉತ್ತರ ಸಿಕ್ಕಂತೆ. ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮಲ್ಲಿ ನಿಜವಲ್ಲವಾದರೆ ಮೊದಲು ಅದನ್ನು ಸರಿಪಡಿಸಿ.

ವಿಶ್ವಾಸ ತೆಳುವಾಗುವ ಭಯಕ್ಕೆ ಆಧಾರವಿಲ್ಲವೆಂದಲ್ಲ. ಪ್ರಾರ್ಥನೆ ಬಿಟ್ಟು ಬರೀ ಓಡಾಟಕ್ಕೆ ಬಿದ್ದವರು ಕೆಲವೇ ವರ್ಷಗಳಲ್ಲಿ ಸಿಡುಕರಾಗುವುದನ್ನು, ಬಡವರ ಮೇಲೆಯೇ ರೇಗುವುದನ್ನು ಕಂಡಿದ್ದೇನೆ. ಆದರೆ ಮತ್ತಾಯ 25ರಲ್ಲಿ ತೀರ್ಪಿನ ದಿನ ಯೇಸುಸ್ವಾಮಿ ಕೇಳುವುದು ಹಸಿದವನ, ಬೆತ್ತಲೆಯವನ, ಸೆರೆಯಲ್ಲಿದ್ದವನ ವಿಷಯ, ಮತ್ತು ಅವರಲ್ಲಿ ತಾನೇ ಇದ್ದೆ ಎನ್ನುತ್ತಾರೆ. ಬಲಿಪೂಜೆಯ ಪರಮಪ್ರಸಾದದಲ್ಲಿ, ಪವಿತ್ರಗೊಳಿಸಿದ ರೊಟ್ಟಿಯಲ್ಲಿ, ನೀವು ಸ್ವೀಕರಿಸುವುದೂ ಅವರನ್ನೇ. ಕೊಲ್ಕತ್ತಾದ ಸಂತ ತೆರೇಸಾ ಕಟ್ಟಿದ ಸಭೆಯಲ್ಲಿ ಕೆಲಸ ಎಷ್ಟೇ ಇದ್ದರೂ ಪರಮಪ್ರಸಾದದ ಆರಾಧನೆಗೆ ದಿನಕ್ಕೆ ಒಂದು ಗಂಟೆ ಮೀಸಲು. ಅಮೆರಿಕದಲ್ಲಿ 1933ರಲ್ಲಿ ಕಾರ್ಮಿಕರ ಪರ ಪತ್ರಿಕೆ ಹೊರಡಿಸಿ, ಮನೆಯಿಲ್ಲದವರಿಗೆ ಆಶ್ರಯ ತೆರೆದ ಡೊರೊಥಿ ಡೇ ದಿನವೂ ಬಲಿಪೂಜೆಗೆ ಹೋಗುತ್ತಿದ್ದರು. ನೀವು ನಿತ್ಯ ಒಂದು ಗಂಟೆ ತೆಗೆಯಲಾರಿರಿ. ರಾತ್ರಿಯ ಆತ್ಮಪರಿಶೀಲನೆಯಲ್ಲಿ ‘ಇಂದು ಯಾರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲಿಲ್ಲ?’ ಎಂಬ ಒಂದು ಪ್ರಶ್ನೆ ಸೇರಿಸಿಕೊಳ್ಳಿ, ಪಾಪನಿವೇದನೆಗೂ ಅದನ್ನು ಒಯ್ಯಿರಿ.

ಇನ್ನು ಗುಂಪಿನಲ್ಲಿ ಏನು ಮಾಡಬಹುದು? 1617ರಲ್ಲಿ ಫ್ರಾನ್ಸಿನ ಶಾತಿಯೋನ್ ಎಂಬ ಊರಿನಲ್ಲಿ ಸಂತ ವಿನ್ಸೆಂಟ್ ದೆ ಪೌಲರು ಕಾಯಿಲೆ ಬಿದ್ದ ಒಂದು ಕುಟುಂಬದ ಬಗ್ಗೆ ಪ್ರಬೋಧನೆಯಲ್ಲಿ ಹೇಳಿದರು. ಜನ ಸಾಲುಗಟ್ಟಿ ಆಹಾರ ಹೊತ್ತು ಹೋದರು. ಒಂದೇ ದಿನ ಅಷ್ಟೊಂದು ಬಂದರೆ ಹೆಚ್ಚಿನದು ಹಾಳಾಗುತ್ತದೆ, ನಾಳೆ ಮತ್ತೆ ಉಪವಾಸವೇ ಎಂದು ಅವರಿಗೆ ಹೊಳೆಯಿತು. ಊರಿನ ಹೆಂಗಸರನ್ನು ಸೇರಿಸಿ ಸರದಿಯ ಮೇಲೆ ಹೋಗುವ ಕ್ರಮ, ಲಿಖಿತ ನಿಯಮ ಮಾಡಿದರು. 1833ರಲ್ಲಿ ಪ್ಯಾರಿಸ್‌ನ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಂ ಮತ್ತು ಗೆಳೆಯರು ‘ನಿಮ್ಮ ಧರ್ಮಸಭೆ ಈಗ ಬಡವರಿಗೆ ಏನು ಮಾಡುತ್ತಿದೆ?’ ಎಂಬ ಸವಾಲಿಗೆ ಉತ್ತರವಾಗಿ ಬಡವರ ಮನೆಗಳಿಗೇ ಹೋಗತೊಡಗಿದರು. ಅವರು ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇಂದಿಗೂ ಮನೆಭೇಟಿಯನ್ನೇ ನೆಚ್ಚಿಕೊಂಡಿದೆ. ನಿಮ್ಮ ಗುಂಪು ಹಂಚುವುದನ್ನು ನಿಲ್ಲಿಸಬೇಕಿಲ್ಲ. ಪಟ್ಟಿಯಲ್ಲಿರುವ ಕೆಲವು ಕುಟುಂಬಗಳನ್ನು ಆರಿಸಿ, ಇಬ್ಬಿಬ್ಬರಂತೆ, ವರ್ಷವಿಡೀ, ಅವರ ಒಪ್ಪಿಗೆ ಪಡೆದು ಹೋಗಿ ಮಾತಾಡಿಸಿದರೆ ಸಾಕು.

ಇದರ ಅಪಾಯಗಳನ್ನು ಮರೆಮಾಚಲಾರೆ. ಮನೆಯೊಳಗೆ ಹೋದವರಿಗೆ ಮನೆಯ ಗುಟ್ಟು ತಿಳಿಯುತ್ತದೆ, ಅದು ಬಲಿಪೂಜೆ ಮುಗಿದ ಮೇಲಿನ ಹರಟೆಗೆ ಬಂದರೆ ಆ ಕುಟುಂಬದ ಮಾನ ಹೋಯಿತು. ಒಬ್ಬರೇ ಹೋಗಬಾರದು, ಮಕ್ಕಳೊಂದಿಗೆ ಒಂಟಿಯಾಗಿ ಇರಬಾರದು. ಈ ನಿಯಮಕ್ಕೆ ಯಾರ ಮುಖ ನೋಡಿಯೂ ರಿಯಾಯಿತಿ ಬೇಡ. ಪಡೆಯುವವರ ಫೋಟೋ ತೆಗೆಯುವುದು ನಿಲ್ಲಬೇಕು. ದಾನಿಗಳಿಗೆ ಲೆಕ್ಕ ಕೊಡಿ, ಮುಖ ಕೊಡಬೇಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಡಿಮೆ ಕೂಲಿ ಕೊಡುವ ಮಾಲೀಕನ ಮೇಲೆ ದೂರು ಕೊಟ್ಟಾಗ ಸಿಟ್ಟು ತಿರುಗುವುದು ನಿಮ್ಮ ಮೇಲಲ್ಲ, ಕೆಲಸಗಾರನ ಮೇಲೆ. ಉತ್ಸಾಹಿ ಸ್ವಯಂಸೇವಕರು ಅರ್ಜಿ ಬರೆದು ಕಳಿಸಿದ ಮರುದಿನ ಕೂಲಿಯವನು ಕೆಲಸ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ದೂರು ಕೊಡಬೇಕೇ, ಯಾವಾಗ, ಯಾರ ಹೆಸರಿನಲ್ಲಿ ಎಂಬ ನಿರ್ಧಾರ ಅವರದ್ದೇ. ನೀವು ಕಾನೂನು ತಿಳಿಸಬಹುದು, ಕಾಗದ ಬರೆಯಬಹುದು, ಕಚೇರಿಗೆ ಜೊತೆಯಲ್ಲಿ ಹೋಗಬಹುದು. ಕಾರ್ಮಿಕ ಸಂಘವಿದ್ದರೆ ಅದರ ಪರಿಚಯ ಮಾಡಿಸಿ. ಜನ ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಂಡು ಮಾಡಬಾರದೆಂದು 1931ರಲ್ಲೇ ಹನ್ನೊಂದನೆಯ ಪಿಯುಸ್ ಪೋಪರು ಬರೆದ ತತ್ವ ಸೇವಾ ಗುಂಪಿಗೂ ಅನ್ವಯಿಸುತ್ತದೆ.

ನಿಮ್ಮ ಗಂಡನ ಮಾತನ್ನು ಅಡ್ಡಿಯೆಂದು ತಳ್ಳಬೇಡಿ. ಸ್ವಂತದವರನ್ನು ನೋಡಿಕೊಳ್ಳದವನು ವಿಶ್ವಾಸವನ್ನೇ ಬಿಟ್ಟವನು ಎಂದು ತಿಮೊಥೇಯನಿಗೆ ಬರೆದ ಮೊದಲ ಪತ್ರ ಕಟುವಾಗಿಯೇ ಹೇಳುತ್ತದೆ. ಮನಸ್ಸು ಕದಡಿದ ಹೊತ್ತಿನಲ್ಲಿ ದೊಡ್ಡ ಬದಲಾವಣೆಗೆ ಕೈಹಾಕಬೇಡ ಎಂಬುದು ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರ ನಿಯಮ. ನೀವೀಗ ಕದಡಿದ್ದೀರಿ. ರಾಜೀನಾಮೆ ಪತ್ರ ಬೇಡ. ವಾರಕ್ಕೆ ಮೂರು ಗಂಟೆಗಳನ್ನು ಈ ಕೆಲಸಕ್ಕೆ ಮೀಸಲಿಟ್ಟು ಒಂದು ವರ್ಷ ನೋಡಿ. ಮೊದಲ ಮನೆಭೇಟಿಗೆ ಸಾಧ್ಯವಾದರೆ ಗಂಡನನ್ನೂ ಕರೆದುಕೊಂಡು ಹೋಗಿ. ಪೂರ್ಣಾವಧಿ ಸೇವೆಗೆ ಬಂದ ಕೆಲವರು ನೆಮ್ಮದಿಯಾಗಿ ನಿಂತಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಮನೆಯವರ ಒಪ್ಪಿಗೆಯಿಂದ, ಮನೆ ನಡೆಯುವ ದಾರಿ ಮಾಡಿಕೊಂಡು ಬಂದವರು.

ಮುಂದಿನ ಸಭೆಗೆ ವಾದದ ಬದಲು ಒಂದು ಹಾಳೆ ಒಯ್ಯಿರಿ. ಎರಡು ಕುಟುಂಬಗಳ ಒಪ್ಪಿಗೆ ಪಡೆದು, ಹೆಸರು ಬರೆಯದೆ, ಗುರುತು ಸಿಗುವ ಯಾವ ವಿವರವನ್ನೂ ಹಾಕದೆ, ಅವರ ತಿಂಗಳ ಆದಾಯ, ಸಾಲದ ಕಂತು, ನಾವು ಕೊಟ್ಟ ದಿನಸಿಯ ಬೆಲೆ ಅಕ್ಕಪಕ್ಕ ಬರೆಯಿರಿ. ಅದಕ್ಕೆ ಮೊದಲು ಧರ್ಮಕೇಂದ್ರದ ಗುರುಗಳಿಗೆ ಅದನ್ನು ತೋರಿಸಿ, ಮೇಲೆ ಹೇಳಿದ 8ನೆಯ ಪರಿಚ್ಛೇದವನ್ನು ಸಭೆಯ ಆರಂಭದಲ್ಲಿ ಓದಿಸುವಂತೆ ಕೇಳಿಕೊಳ್ಳಿ. ಹಿರಿಯರು ಆಗಲೂ ಒಪ್ಪದಿರಬಹುದು. ಒಪ್ಪದಿದ್ದರೆ ಗುಂಪು ಬಿಡಬೇಡಿ, ಹಂಚುವ ದಿನ ಎಂದಿನಂತೆ ಕೈಜೋಡಿಸಿ, ಆಸಕ್ತಿಯುಳ್ಳ ಇನ್ನೊಬ್ಬರನ್ನು ಜೊತೆ ಮಾಡಿಕೊಂಡು ಆ ಎರಡು ಕುಟುಂಬಗಳ ಸಾಲದ ಕಾಗದಗಳನ್ನು ಓದಲು ಆರಂಭಿಸಿ.